ಅಕಸ್ಮಾತ್ ಏನಾದರೂ ಆದರೆ

ಮನೆಯನ್ನು ಎಷ್ಟು ಒಪ್ಪವಾಗಿ ಇಡಬೇಕು ಅನ್ನುವುದು ಅಂಬಿಕಳಿಗೆ ತಿಳಿಯಲಿಲ್ಲ. ತೀರ ಚೊಕ್ಕಟವಾಗಿಟ್ಟರೆ, ಇಲ್ಲಿ ಮಗು ಒಂದು ಲೋಟ ಉರುಳಿಸಿದರೂ ಈ ಹೆಂಗಸು ಮುಖ ಸಿಂಡರಿಸುತ್ತಾಳೆ ಎಂದು ನೋಡಲು ಬಂದವರಿಗೆ ಅನ್ನಿಸಬಹುದು. ಇದ್ದ ಹಾಗೆ ಬಿಟ್ಟರೆ, ತನ್ನ ಬಟ್ಟೆಯನ್ನೇ ಮಡಿಸಿಡದವಳು ಮಗುವನ್ನೇನು ನೋಡಿಕೊಂಡಾಳು ಅಂದುಕೊಳ್ಳಬಹುದು. ಬೆಳಗಿನಿಂದ ದಿವಾನದ ಹೊದಿಕೆಯನ್ನು ಬಿಗಿಯಾಗಿ ಎಳೆದು, ಆಮೇಲೆ ತಾನೇ ಒಂದು ಮೂಲೆಯಲ್ಲಿ ಮುದುರಿ, ಅದು ಬೇಕೆಂದೇ ಮುದುರಿದ ಹಾಗೆ ಕಂಡದ್ದರಿಂದ ಮತ್ತೆ ಎಳೆದಿದ್ದಳು. ಗೋಡೆಯ ಮೇಲೆ ಸಹನಳ ಫೋಟೋ ಇತ್ತು. ನವಿಲಿನ ವೇಷ ಹಾಕಿ, ಕೆನ್ನೆಗೆ ಬಣ್ಣ ಬಳಿದುಕೊಂಡು, ಮುಂದಿನ ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದದ್ದು. ಅದನ್ನು ಇರಿಸಬೇಕೋ ತೆಗೆಯಬೇಕೋ. ಇದ್ದರೆ ಮಗು ಸಾಕಿದ ಅನುಭವಕ್ಕೆ ಅದೇ ಸಾಕ್ಷಿ. ಇದ್ದರೆ ಕೆಲವು ಪ್ರಶ್ನೆಗಳೂ ಹುಟ್ಟುತ್ತವೆ. ಮೊಳೆಯಿಂದ ತೆಗೆದಾಗ ಗೋಡೆಯಲ್ಲಿ ಬಣ್ಣ ಮಾಸದ ಒಂದು ಚೌಕ ಉಳಿಯಿತು. ಆ ಖಾಲಿ ಚೌಕ ಫೋಟೋಗಿಂತ ಹೆಚ್ಚು ಮಾತಾಡುತ್ತದೆ ಅನ್ನಿಸಿ ಅವಳು ಅದನ್ನು ಮತ್ತೆ ತೂಗುಹಾಕಿದಳು.

"ಏನಂಗೆ ಗೋಡೆ ಜೊತೆ ಕುಸ್ತಿ ಆಡ್ತಾ ಇದ್ದೀಯ?" ಅಡುಗೆಮನೆ ಬಾಗಿಲಲ್ಲಿ ಕೂತು ಹುರುಳಿಕಾಯಿ ಮುರಿಯುತ್ತಿದ್ದ ತಾಯಿ ಚಿಕ್ಕವೆಂಕಟಮ್ಮ ಕೇಳಿದಳು. "ಎಣ್ಣು ನೋಡಾಕೆ ಬಂದ ದಿನಾನೂ ನೀನು ಇಷ್ಟು ಒದ್ದಾಡಲಿಲ್ಲ ಕಣಮ್ಮ."

ಅದು ನಿಜವೇ. ಹೆಣ್ಣು ನೋಡಲು ಬಂದವರು ಮೂಗು ನೋಡಿದ್ದರು, ಬಣ್ಣ ನೋಡಿದ್ದರು, ಲ್ಯಾಬ್ ಟೆಕ್ನಿಷಿಯನ್ ಅಂದರೆ ದಿನಾ ಉಚ್ಚೆ ಮುಟ್ಟುವ ಕೆಲಸವೇ ಎಂದು ಕೇಳಿ ನಕ್ಕಿದ್ದರು. ಅವರು ಹೋದ ಮೇಲೆ ಬೇಸರವಾಗಿತ್ತೇ ಹೊರತು ಹೆದರಿಕೆಯಾಗಿರಲಿಲ್ಲ. ಇವತ್ತು ಬರುವವಳು ಕೋಲಾರದ ದತ್ತು ಕೇಂದ್ರದ ಸಮಾಜ ಕಾರ್ಯಕರ್ತೆ. ಮದುವೆಯಿಲ್ಲದೆ ನಲವತ್ತು ದಾಟಿದ ಅಂಬಿಕ ಒಂದು ಮಗುವನ್ನು ದತ್ತು ತೆಗೆದುಕೊಳ್ಳಲು ಅರ್ಹಳೋ ಅಲ್ಲವೋ ಅನ್ನುವುದನ್ನು ಮನೆ ನೋಡಿ, ಮನೆಯವರನ್ನು ಮಾತಾಡಿಸಿ ಬರೆದುಕೊಳ್ಳುವವಳು. ಅವಳಿಗೆ ಮೂಗು ಬಣ್ಣ ಬೇಕಿಲ್ಲ. ಅವಳಿಗೆ ಬೇಕಾದದ್ದು ಏನು ಅನ್ನುವುದು ಅಂಬಿಕಳಿಗೆ ಎಷ್ಟು ಓದಿಕೊಂಡರೂ ಹಿಡಿತಕ್ಕೆ ಸಿಕ್ಕಿರಲಿಲ್ಲ. ನಿಯಮಗಳೇನೋ ಬಾಯಿಪಾಠವಾಗಿದ್ದವು. ಒಂಟಿ ಹೆಂಗಸು ಗಂಡಾಗಲಿ ಹೆಣ್ಣಾಗಲಿ ಯಾವ ಮಗುವನ್ನಾದರೂ ತೆಗೆದುಕೊಳ್ಳಬಹುದು. ಒಂಟಿ ಗಂಡಸಿಗೆ ಹೆಣ್ಣುಮಗು ಕೊಡುವುದಿಲ್ಲ. ಜೀವಕ್ಕೆ ಅಪಾಯವಾಗುವ ಕಾಯಿಲೆ ಇರಬಾರದು, ಮೈಮೇಲೆ ಕ್ರಿಮಿನಲ್ ಕೇಸು ಇರಬಾರದು, ಮಗುವಿಗೂ ತನಗೂ ಇಪ್ಪತ್ತೈದು ವರ್ಷದ ಅಂತರವಿರಬೇಕು. ಅವಳ ರಕ್ತವನ್ನು ಅವಳದೇ ಲ್ಯಾಬಿನಲ್ಲಿ, ಪಕ್ಕದ ಕುರ್ಚಿಯ ಹುಡುಗಿಯ ಕೈಯಲ್ಲಿ ಪರೀಕ್ಷೆ ಮಾಡಿಸಿಕೊಂಡಿದ್ದಳು. ಇಷ್ಟು ವರ್ಷ ಬೇರೆಯವರ ತೋಳಿಗೆ ಸೂಜಿ ಚುಚ್ಚಿದವಳು ತನ್ನ ತೋಳನ್ನು ಮೇಜಿನ ಮೇಲೆ ಇಟ್ಟಾಗ, ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಕಣ್ಣು ಮುಚ್ಚಿದ್ದಳು.

ಎಲ್ಲ ಸರಿಯಿದ್ದೂ ವಯಸ್ಸು ಕೈಕೊಟ್ಟಿತ್ತು. ನಲವತ್ತು ದಾಟಿದ ಒಂಟಿಯವರಿಗೆ ಎರಡು ವರ್ಷದೊಳಗಿನ ಕೂಸು ಸಿಗುವುದಿಲ್ಲ. ಎರಡರಿಂದ ನಾಲ್ಕು ವರ್ಷದ ಮಗುವಿಗೆ ಮಾತ್ರ ಅರ್ಜಿ. ಅದನ್ನು ಓದಿದ ದಿನ ಅವಳು ತಾಯಿಯ ಮುಂದೆ ಕೂತು, ನಾನು ಹುಟ್ಟಿದ್ದು ಯಾವಾಗ, ಸರಿಯಾಗಿ ಹೇಳು, ಎಂದು ಹಟ ಹಿಡಿದಿದ್ದಳು. ಬೇತಮಂಗಲದ ಕೆರೆ ಕೋಡಿ ಬಿತ್ತಲ್ಲ, ಆ ವರ್ಷ, ಎಂದು ತಾಯಿ ಅಂದಿದ್ದಳು. ಹಾಗೆ ಲೆಕ್ಕ ಹಿಡಿದರೆ ಅವಳಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಊರ ಸ್ಕೂಲಿನ ಮೇಷ್ಟ್ರು ಒಂದನೇ ತರಗತಿಗೆ ಮಕ್ಕಳ ಲೆಕ್ಕ ಸಾಲದೆಂದು ಅವಳನ್ನು ಬೇಗ ಸೇರಿಸಿಕೊಂಡು, ಎಲ್ಲ ಮಕ್ಕಳಿಗೂ ಬರೆದ ಹಾಗೆ ಜೂನ್ ಒಂದು ಎಂದು ಬರೆದುಬಿಟ್ಟಿದ್ದರು. ಸತ್ತು ಎಷ್ಟೋ ವರ್ಷವಾದ ಆ ಮೇಷ್ಟ್ರು ಅಂದು ಸೀಮೆಸುಣ್ಣದ ಕೈಯಲ್ಲಿ ಪೆನ್ನು ಹಿಡಿದು ಅವಳ ಕೂಸನ್ನು ಕಿತ್ತುಕೊಂಡಿದ್ದರು. ನಗು ಬಂತು, ಬಂದಷ್ಟೇ ಬೇಗ ಹೋಯಿತು. ಹಾಲಿನ ವಾಸನೆಯ ತಲೆ, ಮುಷ್ಟಿ ಬಿಗಿದ ಕೈ, ಅದೊಂದು ತನಗೆ ಯಾವ ಕಾಲಕ್ಕೂ ಇಲ್ಲ. ಸಹನ ಬಂದಾಗಲೂ ಮೂರು ತುಂಬಿತ್ತು. ತನ್ನ ಪಾಲಿಗೆ ಬರುವುದೆಲ್ಲ ನಡೆಯಲು ಕಲಿತು, ಬೇರೆ ಯಾರನ್ನೋ ಅಮ್ಮ ಎಂದು ಕರೆದು ಮುಗಿಸಿ ಬಂದ ಮಕ್ಕಳೇ.

ಇನ್ನೊಂದು ನಿಯಮವಿತ್ತು, ಈಗ ಅವಳು ಗೇಟಿನ ಕಡೆ ಕಿವಿಯಿಟ್ಟು ಕಾಯುತ್ತಿದ್ದದ್ದು ಅದಕ್ಕೇ. ಒಂಟಿಯಾಗಿರುವವರಿಗೆ ಅಕಸ್ಮಾತ್ ಏನಾದರೂ ಆದರೆ ಮಗುವನ್ನು ತಾನು ನೋಡಿಕೊಳ್ಳುತ್ತೇನೆ ಎಂದು ಸಂಬಂಧಿಕರು ಒಬ್ಬರು ಬರೆದುಕೊಡಬೇಕು. ಅಂಬಿಕಳಿಗೆ ಇರುವವನು ಒಬ್ಬನೇ ಅಣ್ಣ, ಸುಬ್ರಮಣಿ. ಬೇತಮಂಗಲದ ಆಚೆ ಊರಿನಲ್ಲಿ ಹಸು ಕಟ್ಟಿಕೊಂಡು, ಟೊಮೆಟೊ ಬೆಳೆದುಕೊಂಡು ಇರುವವನು. ಫೋನಿನಲ್ಲಿ ಕೇಳಿದಾಗ, "ಆಯ್ತು ಬತ್ತೀನಿ ಬುಡು" ಅಂದಿದ್ದ. ಆ 'ಬುಡು' ಅವಳ ಕಿವಿಯಲ್ಲಿ ಕೂತುಬಿಟ್ಟಿತ್ತು.

ಸುಬ್ರಮಣಿ ಬರುವ ಮೊದಲೇ ಸಮಾಜ ಕಾರ್ಯಕರ್ತೆ ಸುಮಿತಾ ಬಂದಳು. ಸ್ಕೂಟಿಯನ್ನು ನೆರಳಿಗೆ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಕೂದಲು ಸರಿಮಾಡಿಕೊಳ್ಳುತ್ತ, "ಊರಿಗಾಂ ಅಂದ್ರೆ ಸ್ಟೇಷನ್ ಕಡೆ ಹೋಗ್ಬಿಟ್ಟೆ ಮೇಡಂ" ಅಂದಳು. ಈಗ ಕಾಲೇಜು ಓದುತ್ತಿರುವ ಸಹನಳಿಗಿಂತ ಐದಾರು ವರ್ಷ ದೊಡ್ಡವಳಿರಬಹುದು. ಇಂಥ ಚಿಕ್ಕ ಹುಡುಗಿಯ ಮುಂದೆ ತಾನು ಪಾಸಾಗಬೇಕು ಎಂದುಕೊಳ್ಳುತ್ತ ಅಂಬಿಕ ಕುರ್ಚಿ ತೋರಿಸಿದಳು. ಸುಮಿತಾ ಕೂರಲಿಲ್ಲ. ಅಡುಗೆಮನೆ ನೋಡಿದಳು, ಬಚ್ಚಲು ನೋಡಿದಳು, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಕೇಳಿದಳು. ಹಿತ್ತಲ ಬಾಗಿಲು ತೆರೆದು, ದೂರದಲ್ಲಿ ಬೋಳಾಗಿ ಎದ್ದಿದ್ದ, ಮುಚ್ಚಿದ ಚಿನ್ನದ ಗಣಿಯ ಕಸ ಸುರಿದ ಸೈನೈಡ್ ದಿಬ್ಬದ ಕಡೆ ನೋಡಿ, "ಗಾಳಿಗೆ ಧೂಳು ಬರುತ್ತಾ?" ಅಂದಳು. ಬರುತ್ತದೆ ಅನ್ನಬೇಕೋ ಬರುವುದಿಲ್ಲ ಅನ್ನಬೇಕೋ. "ಬೇಸಿಗೇಲಿ ಸ್ವಲ್ಪ," ಅಂದಳು ಅಂಬಿಕ. ಆ ದಿಬ್ಬವನ್ನು ಅಲ್ಲಿ ತಂದು ಸುರಿದವಳು ತಾನೇ ಅನ್ನುವ ಹಾಗೆ ತಪ್ಪಿತಸ್ಥ ದನಿ ಹೊರಟಿತು.

ಆಮೇಲೆ ಪ್ರಶ್ನೆಗಳು. ಸುಮಿತಾ ಒಳ್ಳೆಯ ಹುಡುಗಿ, ಪ್ರತಿ ಪ್ರಶ್ನೆಗೂ ಮೊದಲು "ಬೇಜಾರು ಮಾಡ್ಕೋಬೇಡಿ" ಅನ್ನುತ್ತಿದ್ದಳು. ಯಾಕೆ ಮದುವೆಯಾಗಲಿಲ್ಲ? ಮುಂದೆ ಯಾರಾದರೂ ಇಷ್ಟವಾದರೆ? ಮಗು ಕಪ್ಪಗಿದ್ದರೆ? ಮಾತು ತಡವಾಗಿ ಬಂದರೆ? ಯಾವ ಜಾತಿಯೆಂದು ಗೊತ್ತಾಗುವುದಿಲ್ಲ, ನಿಮ್ಮವರು ಏನನ್ನುತ್ತಾರೆ? ನೀವು ರೈಲಿನಲ್ಲಿ ಬಂಗಾರಪೇಟೆಗೆ ಹೋಗಿ ಬರುವ ತನಕ ಯಾರು ನೋಡಿಕೊಳ್ಳುತ್ತಾರೆ? "ನಾನಿಲ್ವೇನಮ್ಮ?" ಎಂದು ಚಿಕ್ಕವೆಂಕಟಮ್ಮ ಒಳಗಿನಿಂದ ಕೂಗಿದಳು. "ಮೊಮ್ಮಗಳನ್ನ ಯಾರು ನೋಡ್ಕಂಡಿದ್ದು ಅನ್ಕಂಡೆ? ಮೊಣಕಾಲು ಓಗೈತೆ, ಕೈ ಇನ್ನಾ ಗಟ್ಟಿ ಐತೆ." ಸುಮಿತಾ ನಕ್ಕಳು, ಬರೆದುಕೊಂಡಳು. ಮೊಣಕಾಲು ಅಂತ ಬರೆದುಕೊಂಡಳೋ ಕೈ ಅಂತ ಬರೆದುಕೊಂಡಳೋ ಎಂದು ಅಂಬಿಕ ಪೆನ್ನಿನ ಓಟವನ್ನು ತಲೆಕೆಳಗಾಗಿ ಓದಲು ನೋಡಿದಳು.

"ಮೊಮ್ಮಗಳು ಅಂದ್ರೆ?" ಸುಮಿತಾ ಫೋಟೋದ ಕಡೆ ತಿರುಗಿದಳು. "ಇವಳೇನಾ? ಮಗು ಸಾಕಿದ ಅನುಭವ ಇದೆಯಾ ಅಂತ ಕೇಳೋಳಿದ್ದೆ."

"ಅಣ್ಣನ ಮಗಳು. ಸಹನ. ಮೂರು ವರ್ಷದವಳಿದ್ದಾಗಿಂದ ನಾನೇ ಸಾಕಿದ್ದು. ಈಗ ಕೋಲಾರದಲ್ಲಿ ನರ್ಸಿಂಗ್ ಓದ್ತಿದ್ದಾಳೆ, ಹಾಸ್ಟೆಲ್‌ನಲ್ಲಿ."

"ಎಷ್ಟು ಒಳ್ಳೇದಾಯ್ತು. ಅವಳ ಅಪ್ಪ ಅಮ್ಮ..."

"ಇದ್ದಾರೆ."

ಆ ಒಂದು ಮಾತಿನ ಮೇಲೆ ಸುಮಿತಾಳ ಪೆನ್ನು ನಿಂತಿತು. ಲ್ಯಾಬಿನಲ್ಲಿ ಬಸುರಿಯರು, ನಿಮಗೆಷ್ಟು ಮಕ್ಕಳು ಮೇಡಂ, ಎಂದು ಕೇಳಿದರೆ, ಒಬ್ಬಳು ಮಗಳು, ಎಂದು ಹೇಳಿ ರೂಢಿಯಾಗಿತ್ತು ಅಂಬಿಕಳಿಗೆ. ರೈಲಿನಲ್ಲಿ ದಿನಾ ಜೊತೆಯಾಗುವ ಹೆಂಗಸರಿಗೂ ಅದೇ ಗೊತ್ತು. ಗಂಡನ ವಿಷಯ ಅವರು ತಾವೇ ಏನೋ ಊಹಿಸಿಕೊಂಡು ಕೇಳುವುದನ್ನು ಬಿಟ್ಟಿದ್ದರು. ಸುಳ್ಳು ಹೇಳಿದೆ ಅನ್ನಿಸಿದ್ದೇ ಇಲ್ಲ. ರೂಪ, ಅಂದರೆ ಸುಬ್ರಮಣಿಯ ಹೆಂಡತಿ, ಎರಡನೆಯ ಬಸುರು ಒಳಗೇ ಕೆಟ್ಟು ಆಸ್ಪತ್ರೆ ಸೇರಿದ್ದಳು, ಗರ್ಭಕೋಶ ತೆಗೆದುಹಾಕಿದ್ದರು. ನೀನು ಎದ್ದು ಓಡಾಡುವವರೆಗೆ ಮಗು ನಮ್ಮ ಹತ್ತಿರ ಇರಲಿ ಎಂದು ಅಂಬಿಕ ಸಹನಳನ್ನು ಎತ್ತಿಕೊಂಡು ಬಂದಿದ್ದಳು. ಅಷ್ಟರಲ್ಲಿ ಜೂನ್ ಬಂತು, ಇಂಗ್ಲಿಷ್ ಸ್ಕೂಲಿಗೆ ಸೇರಿಸಿದಳು. ರೂಪ ಚೇತರಿಸಿಕೊಂಡು ಮಗಳನ್ನು ಕರೆದೊಯ್ಯಲು ಬಂದಾಗ ಸಹನ ಅಂಬಿಕಳ ಸೀರೆ ಹಿಡಿದು ಹಿಂದೆ ಅವಿತುಕೊಂಡಳು. "ಓದು ಕೆಡ್ತದಲ್ಲಾ, ಇರ್ಲಿ ಬುಡು" ಅಂದವನು ಸುಬ್ರಮಣಿ. ರೂಪ ತಂದಿದ್ದ ಹೊಸ ಫ್ರಾಕನ್ನು ಬಿಚ್ಚಿ ತೋರಿಸಿ, ಮಗು ನೋಡದೆ ಇದ್ದದ್ದಕ್ಕೆ ಮತ್ತೆ ಮಡಿಸಿ, ದಿವಾನದ ಮೇಲಿಟ್ಟು ಹೋದಳು. ತನ್ನ ಸೀರೆಯನ್ನು ಆ ಪುಟ್ಟ ಮುಷ್ಟಿ ಬಿಗಿಯಾಗಿ ಹಿಡಿದಿದ್ದಾಗ ತನ್ನೊಳಗೆ ಎದ್ದದ್ದು ಕನಿಕರವಲ್ಲ, ಸಂತೋಷ, ಗೆದ್ದವರಿಗೆ ಆಗುವಂಥದ್ದು. ಅದು ಅಂಬಿಕಳಿಗೆ ಚೆನ್ನಾಗಿ ನೆನಪಿದೆ. ಆಗ ಯಾರೂ ಮನೆ ನೋಡಲು ಬಂದಿರಲಿಲ್ಲ. ನೀನು ಅರ್ಹಳೇ ಎಂದು ಯಾರೂ ಕೇಳಿರಲಿಲ್ಲ.

"ಅವರಿಗೆ ಆಗ ಹುಷಾರಿರಲಿಲ್ಲ," ಎಂದಳು ಸುಮಿತಾಳಿಗೆ.

ಗೇಟು ಕಿರುಗುಟ್ಟಿತು. ಅಣ್ಣ ಬಂದ ಎಂದು ಎದ್ದವಳು ಬಾಗಿಲಲ್ಲೇ ನಿಂತಳು. ಬಂದಿದ್ದವಳು ರೂಪ, ಒಬ್ಬಳೇ. ಬಿಸಿಲಿಗೆ ಸೆರಗನ್ನು ತಲೆಮೇಲೆ ಹಾಕಿಕೊಂಡು, ಒಂದು ಪ್ಲಾಸ್ಟಿಕ್ ಕವರನ್ನು ಎದೆಗೆ ಒತ್ತಿ ಹಿಡಿದು, ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಡುತ್ತಿದ್ದಳು.

"ಅಣ್ಣ ಎಲ್ಲಿ?"

"ಅವ್ರು ಬರಲ್ಲ." ರೂಪ ಒಳಗೆ ಕೂತಿದ್ದ ಸುಮಿತಾಳನ್ನು ನೋಡಿ ದನಿ ತಗ್ಗಿಸಿದಳು. "ನೆನ್ನೆ ಬತ್ತೀನಿ ಅಂತಿದ್ರು. ಯಾರೋ ಏನೋ ಅಂದ್ರು, ಯಾವ ಜಾತಿದೋ ನಾಳೆ ನಮ್ಮ ಬಾಗ್ಲಿಗೆ ಬರ್ತದೆ ಅಂತ. ಬೆಳಿಗ್ಗೆ ಫೋನ್ ಆಫ್ ಮಾಡಿ ತೋಟಕ್ಕೆ ಒಂಟೋದ್ರು. ಅದಕ್ಕೆ ನಾನು ಬಂದೆ. ಆಧಾರ್ ಕಾರ್ಡ್ ತಂದಿದ್ದೀನಿ. ನಾನು ಆಕಿದ್ರೆ ನಡೀತದಾ ಸೈನು?"

ಅಂಬಿಕಳ ಕಾಲ ಕೆಳಗಿನ ನೆಲ ಎರಡು ಸಲ ಕುಸಿಯಿತು. ಅಣ್ಣ ಬರಲಿಲ್ಲವೆಂದು ಒಮ್ಮೆ, ಬಂದವಳು ಇವಳೆಂದು ಇನ್ನೊಮ್ಮೆ. ಇಡೀ ಲೋಕದಲ್ಲಿ ಈ ಕೆಲಸಕ್ಕೆ ತಾನು ಕೇಳಲಾಗದ ಒಬ್ಬಳಿದ್ದರೆ ಅವಳು ರೂಪ. ಅಣ್ಣನ ಹೆಂಡತಿ, ಅತ್ತಿಗೆ ಅನ್ನಬೇಕು. ತನಗಿಂತ ಚಿಕ್ಕವಳು, ಏಳನೇ ಕ್ಲಾಸಿಗೆ ಬಿಟ್ಟವಳು ಎಂದು ಅಂಬಿಕ ಮೊದಲಿನಿಂದಲೂ ಹೆಸರು ಹಿಡಿದೇ ಕರೆಯುತ್ತಿದ್ದಳು, ಆಮೇಲಾಮೇಲೆ ಏನೂ ಕರೆಯದೆ ಮಾತಾಡುವುದು ಅಭ್ಯಾಸವಾಗಿತ್ತು. ಸಹನ ಕೂಡ ನೆರೆಯವರು ಕರೆಯುವ ಹಾಗೆ 'ರೂಪಮ್ಮ' ಎಂದೇ ಕರೆಯುತ್ತ ಬೆಳೆದಳು.

ಸುಮಿತಾ ಎದ್ದು ಬಂದು ಕೇಳಿಸಿಕೊಂಡಳು. ಸಂಬಂಧಿಕರು ಯಾರಾದರೂ ಆಗಬಹುದು ಮೇಡಂ, ಮನಸ್ಸಿನಿಂದ ಬಂದಿರಬೇಕು ಅಷ್ಟೇ ಅಂದಳು. ಆಮೇಲೆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡಳು. ರೂಪ ಕುರ್ಚಿ ಬೇಡವೆಂದು ನೆಲದ ಮೇಲೆ, ಗೋಡೆಗೆ ಒರಗಿ ಕೂತಳು. ಅವಳ ತಲೆಯ ಮೇಲೆ ನೇರವಾಗಿ ಸಹನಳ ನವಿಲು ಇತ್ತು.

"ಇದು ನಾನು ಎಲ್ಲರಿಗೂ ಕೇಳ್ತೀನಿ," ಅಂದಳು ಸುಮಿತಾ. "ಮಗುವಿಗೆ ತಿಳುವಳಿಕೆ ಬಂದ ಮೇಲೆ, ನೀನು ನನ್ನ ಹೊಟ್ಟೇಲಿ ಹುಟ್ಟಿದ್ದಲ್ಲ ಅಂತ ಹೇಳ್ತೀರಾ? ಕೆಲವರು ಮುಚ್ಚಿಡ್ತಾರೆ. ಹೆತ್ತವಳು ಒಬ್ಬಳು ಇದ್ದಳು ಅನ್ನೋದನ್ನ ಅಳಿಸಿಬಿಡ್ತಾರೆ. ಅದು ಮಗುವಿಗೆ ಒಳ್ಳೇದಲ್ಲ."

"ಹೇಳ್ತೀನಿ," ಅಂದಳು ಅಂಬಿಕ. "ಮುಚ್ಚಿಡಲ್ಲ."

ರೂಪ ತಲೆಯೆತ್ತಲಿಲ್ಲ. ಮಡಿಲಲ್ಲಿದ್ದ ಪ್ಲಾಸ್ಟಿಕ್ ಕವರಿನ ಸುಕ್ಕನ್ನು ಹೆಬ್ಬೆರಳಿನಿಂದ ತೀಡುತ್ತಿದ್ದಳು. ಆ ಸರಸರ ಸದ್ದು ಕೋಣೆಯನ್ನೆಲ್ಲ ತುಂಬಿತು. ಆ ನವಿಲಿನ ದಿನವೂ ರೂಪ ಬಂದಿದ್ದಳು, ಹೇಳದೆ ಕೇಳದೆ, ಬೇಯಿಸಿದ ಕಡಲೆಕಾಯಿಯ ಚೀಲ ಹಿಡಿದುಕೊಂಡು. ಸ್ಕೂಲಿನ ಮೈದಾನದಲ್ಲಿ ಶಾಮಿಯಾನ, ಮೈಕಿನ ಗೊರಗೊರ, ಬಣ್ಣ ಬಳಿದುಕೊಂಡ ಮಕ್ಕಳು. ಕ್ಲಾಸ್ ಟೀಚರ್ ಬಂದು ಅಂಬಿಕಳ ಕೈಹಿಡಿದು, ಎಷ್ಟು ಚೆನ್ನಾಗಿ ಕುಣಿದಳು ನಿಮ್ಮ ಮಗಳು, ಎಂದು ಹೊಗಳಿ, ಪಕ್ಕದಲ್ಲಿ ನಿಂತಿದ್ದ ರೂಪಳ ಕಡೆ ನೋಡಿ, ಇವರು? ಅಂದರು.  ನಮ್ಮೂರಿನವರು, ಅಂದಳು ಅಂಬಿಕ. ಹೇಳಬೇಕೆಂದು ಹೇಳಿದ್ದಲ್ಲ, ನಾಲಿಗೆಯೇ ಹೇಳಿತು. ಆರು ವರ್ಷದ ಸಹನ ರೆಕ್ಕೆ ಬಿಚ್ಚಿಕೊಂಡು ನಿಂತು ಇಬ್ಬರ ಮುಖವನ್ನೂ ನೋಡಿ, ಸರಿ, ಹಾಗಾದರೆ ಹೀಗೆ, ಎಂದು ತಿಳಿದುಕೊಂಡವಳ ಹಾಗೆ ಅಂಬಿಕಳ ಕೈ ಹಿಡಿದಳು. ರೂಪ ಟೀಚರಿಗೆ ಕೈಮುಗಿದಳು. ಕಡಲೆಕಾಯಿ ತಗೊಳ್ಳಿ ಟೀಚರ್, ಎಂದು ಚೀಲ ಬಿಚ್ಚಿದಳು. ಟೀಚರ್ ನಗುತ್ತ ನಾಲ್ಕು ಕಾಯಿ ತೆಗೆದುಕೊಂಡರು. ಅವತ್ತಿನಿಂದ ಇವತ್ತಿನವರೆಗೆ ರೂಪ ಆ ಮಾತನ್ನು ಎತ್ತಿಲ್ಲ. ಎತ್ತಿದ್ದರೆ ಜಗಳವಾಡಬಹುದಿತ್ತು, ಅತ್ತು ತೀರಿಸಬಹುದಿತ್ತು. ಎತ್ತದೆ ಇದ್ದದ್ದರಿಂದ ಅದು ಮುಗಿಯದೆ ಹಾಗೇ ಇತ್ತು.

"ಮೇಡಂ, ನೀವು ಸ್ವಲ್ಪ ಹೊರಗೆ ಇರ್ತೀರಾ? ಇವರ ಹತ್ರ ಒಬ್ಬರ ಹತ್ರಾನೇ ಮಾತಾಡ್ಬೇಕು," ಅಂದಳು ಸುಮಿತಾ.

ಅಂಬಿಕ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಕಿಟಕಿ ತೆರೆದೇ ಇತ್ತು. ದೂರ ಹೋಗಿ ಕೂರಬೇಕು ಅನ್ನಿಸಿತು, ಆದರೆ ಹೋಗಲು ಅಲ್ಲಿ ಜಾಗವಿರಲಿಲ್ಲ. ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ಕಿಟಕಿ. ಪಕ್ಕದ ಮನೆಯಲ್ಲಿ ತಮಿಳು ಸೀರಿಯಲ್ಲಿನ ಹೆಂಗಸು ಯಾರನ್ನೋ ಬೈಯುತ್ತಿದ್ದಳು. ಇಷ್ಟು ವರ್ಷ ಬಾಯಿ ಬ್ಯಾಂಕಿನ ಲಾಕರಿನ ಹಾಗೆ ಮುಚ್ಚಿಕೊಂಡಿದ್ದ ರೂಪಳಿಗೆ ಇವತ್ತು ಒಬ್ಬರು ಎದುರಿಗೆ ಕೂತು, ಹೇಳಮ್ಮ, ಎಂದು ಪೆನ್ನು ಹಿಡಿದಿದ್ದಾರೆ. ಒಂದು ಮಾತು ಸಾಕು. ನನ್ನ ಮಗಳನ್ನ ನನ್ನಿಂದ ಕಿತ್ಕೊಂಡ್ಳು ಅಂದರೆ ಸಾಕು. ಅದಕ್ಕೇ ಬಂದಿದ್ದಾಳೆ, ಅದಕ್ಕೇ ಗಂಡನಿಗೆ ಹೇಳದೆ ಬಸ್ಸು ಹತ್ತಿ ಬಂದಿದ್ದಾಳೆ ಎಂದು ಅಂಬಿಕಳಿಗೆ ಖಚಿತವಾಯಿತು. ವಿಚಿತ್ರವೆಂದರೆ, ಹಾಗೆ ಖಚಿತವಾದ ಕೂಡಲೇ ಬೆಳಗಿನಿಂದ ಎದೆಯಲ್ಲಿ ಕಟ್ಟಿದ್ದ ಬಿಗಿ ಸ್ವಲ್ಪ ಸಡಿಲವಾಯಿತು. ಹೇಳಿಬಿಡಲಿ.

"ಇವರು ನಿಮ್ಮ ಮಗಳನ್ನ ಹೇಗೆ ನೋಡ್ಕೊಂಡ್ರು?" ಸುಮಿತಾಳ ದನಿ.

ಪ್ಲಾಸ್ಟಿಕ್ ಕವರು ಬಹಳ ಹೊತ್ತು ಸರಸರ ಅಂದಿತು.

"ಚೆನ್ನಾಗಿ ನೋಡ್ಕಂಡ್ರು."

"ಹೊಡೀತಿದ್ರಾ? ಹೆದರಿಸ್ತಿದ್ರಾ?"

"ಇಲ್ಲ ಮೇಡಂ. ಒಂದು ದಪಾನೂ ಇಲ್ಲ. ಜ್ವರ ಬಂದ್ರೆ ಕೆಲಸಕ್ಕೆ ಓಗ್ತಿರಲಿಲ್ಲ. ನನ್ನ ಕೈಲಿ ಅಷ್ಟು ಓದ್ಸಾಕೆ ಆಯ್ತಿರಲಿಲ್ಲ." ಮತ್ತೆ ಪ್ಲಾಸ್ಟಿಕ್ಕಿನ ಸರಸರ. "ಮಗೂಗೆ ಏನೂ ಕಮ್ಮಿ ಮಾಡ್ಲಿಲ್ಲ. ಮಗೂಗೆ ಮಾಡ್ಲಿಲ್ಲ."

"ಮಗೂಗೆ ಅಂದ್ರೆ? ಬೇರೆ ಯಾರಿಗಾದ್ರೂ..."

"ಏನಿಲ್ಲ. ಬರ್ಕೊಳ್ಳಿ ಮೇಡಂ."

"ಅಕಸ್ಮಾತ್ ಇವರಿಗೆ ಏನಾದ್ರೂ ಆದ್ರೆ, ಆ ಮಗೂನ ನೀವು ನೋಡ್ಕೋತೀರಾ? ನಿಮ್ಮ ಯಜಮಾನ್ರು ಬೇಡ ಅಂದ್ರೂ?"

"ನೋಡ್ಕತೀನಿ."

ಈ ಸಲ ತಡವಾಗಲಿಲ್ಲ. ಪ್ರಶ್ನೆ ಮುಗಿಯುವುದನ್ನೇ ಕಾಯುತ್ತಿದ್ದವಳ ಹಾಗೆ ಬಂದಿತ್ತು ಉತ್ತರ. ಕಲ್ಲಿನ ಮೇಲೆ ಕೂತಿದ್ದ ಅಂಬಿಕ ಕಿಟಕಿಯ ಕಡೆ ತಿರುಗಿದಳು. ಫೋನ್ ನಂಬರ್ ಇದೆಯಾ ಎಂದು ಸುಮಿತಾ ಕೇಳಿದಳು. ಐತೆ ಮೇಡಂ, ಡೇರಿ ದುಡ್ಡಲ್ಲಿ ತಗಂಡೆ, ನಂದೇ, ಎಂದು ರೂಪ ಒಂದೊಂದೇ ಅಂಕಿಯನ್ನು ಎಡವುತ್ತ ಹೇಳಿದಳು. ಅವಳ ಹತ್ತಿರ ಫೋನಿರುವುದು ಅಂಬಿಕಳಿಗೆ ಗೊತ್ತೇ ಇರಲಿಲ್ಲ.

ಸುಮಿತಾ ಸೈನು ಹಾಕಿಸಿಕೊಂಡು ಹೋದ ಮೇಲೆ ರೂಪ ಊಟಕ್ಕೂ ನಿಲ್ಲಲಿಲ್ಲ. ಸಾಯಂಕಾಲದ ಹಾಲಿಗೆ ಹೊತ್ತಾಗುತ್ತದೆ ಅಂದಳು. "ತಿನಿ ಪೋಮ್ಮಾ," ಉಂಡು ಹೋಗಮ್ಮ ಎಂದು ಅತ್ತೆ ಚಿಕ್ಕವೆಂಕಟಮ್ಮ ತೆಲುಗಿನಲ್ಲಿ ಒತ್ತಾಯ ಮಾಡಿದ್ದಕ್ಕೆ ನಿಂತಲ್ಲೇ ಒಂದು ಲೋಟ ಮಜ್ಜಿಗೆ ಕುಡಿದಳು. ಬಸ್ ಸ್ಟ್ಯಾಂಡಿನವರೆಗೆ ಬರುತ್ತೇನೆ ಎಂದು ಅಂಬಿಕ ಜೊತೆಗೆ ಹೊರಟಳು. ಆಟೋದಲ್ಲಿ ಇಬ್ಬರ ಮೊಣಕೈ ಒಂದಕ್ಕೊಂದು ತಾಕುತ್ತಿದ್ದವು. ಏನಾದರೂ ಹೇಳಬೇಕು. ಉಪಕಾರವಾಯಿತು ಅಂದರೆ ಬಾಡಿಗೆ ಕೊಟ್ಟ ಹಾಗಾಗುತ್ತದೆ. ಆ ದಿನದ್ದನ್ನು ಎತ್ತಿದರೆ, ಅವಳು ಮುಚ್ಚಿಟ್ಟುಕೊಂಡದ್ದನ್ನು ತನ್ನ ಸಮಾಧಾನಕ್ಕಾಗಿ ಕೆದಕಿದ ಹಾಗೆ. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟು ಬಂತು, ಹೋಯಿತು. 

ಬೇತಮಂಗಲದ ಕಡೆಯ ಬಸ್ಸು ನಿಂತಿತ್ತು. ರೂಪ ಹತ್ತಿ ಕಿಟಕಿಯ ಪಕ್ಕ ಕೂತಳು. ಅಂಬಿಕ ಕೆಳಗೆ ನಿಂತು ಕಿಟಕಿಯ ಸರಳು ಹಿಡಿದುಕೊಂಡಳು. ಕಾದ ಕಬ್ಬಿಣ ಅಂಗೈ ಸುಟ್ಟರೂ ಬಿಡಲಿಲ್ಲ.

"ಒಂದು ಮಾತೇಳ್ಲಾ ಅಂಬಿಕಮ್ಮ?" ಅಂದಳು ರೂಪ.

"ಹೇಳು. ಹೇಳಿ."

"ಆಯಮ್ಮ ಕೇಳಿದ್ಲಲ್ಲಾ, ಅಕಸ್ಮಾತ್ ಏನಾನ ಆದ್ರೆ ಅಂತ. ಆವಾಗ ಒಂದು ಗಳಿಗೆ ನಂಗೆ ಆಸೆ ಆಗೋಯ್ತು."

"ಏನಾಸೆ?"

"ಆಗ್ಲಿ ಅಂತ." ರೂಪ ಅವಳ ಮುಖವನ್ನೇ ನೋಡುತ್ತಿದ್ದಳು. ಬೆಳಗಿನಿಂದ ನೆಲ ನೋಡುತ್ತಿದ್ದ ಕಣ್ಣು ಈಗ ಕದಲಲಿಲ್ಲ. "ನಿಮಗೇನಾನ ಆಗ್ಲಿ ಅಂತ. ಆ ಮಗೂನ ನಾನು ಎತ್ಕಂಡು ಓಗ್ತಿರೋದು ಇಂಗೆ ಕಣ್ಮುಂದೆ ಬಂತು. ಎರಡು ಜಡೆ ಆಕಿದ್ದೆ ಅದಕ್ಕೆ, ಕೆಂಪು ಟೇಪು ಕಟ್ಟಿ. ಕೆಟ್ಟ ಯೋಚನೆ. ದೇವ್ರು ಒಪ್ಪಲ್ಲ. ಆದ್ರೆ ಬಂತು. ಹೇಳ್ದೆ ಇಟ್ಕಂಡ್ರೆ ಒಳಗೇ ಇದ್ದು ಬೆಳೀತದೆ, ಅದಕ್ಕೆ ಹೇಳ್ದೆ."

ಅಂಬಿಕ ತನ್ನೊಳಗೆ ಸಿಟ್ಟನ್ನು ಹುಡುಕಿದಳು. ಇರಬೇಕಾಗಿದ್ದ ಜಾಗದಲ್ಲಿ ಅದು ಇರಲಿಲ್ಲ. ಬಾಯಿಗೆ ಬಂದದ್ದು ಇಷ್ಟೇ: "ಗಂಡುಮಗು ಬಂದ್ರೆ?"

ರೂಪಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಸೆರಗನ್ನು ಬಾಯಿಗೆ ಅಡ್ಡಹಿಡಿದು ನಕ್ಕಳು. ಅವಳು ನಗುವುದನ್ನು ಅಂಬಿಕ ಇಷ್ಟು ಹತ್ತಿರದಿಂದ ನೋಡಿರಲೇ ಇಲ್ಲ. ನಕ್ಕಾಗ ಥೇಟ್ ಸಹನಳೇ, ಆ ಎಡಗಡೆಯ ಗುಳಿಯ ಸಮೇತ. "ಗಂಡಾದ್ರೆ ಬುಡಿ, ಜಡೆ ಇಲ್ಲ. ನೀವೇ ಗಟ್ಟಿಯಾಗಿರಿ," ಅಂದಳು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಅಲ್ಲಾಡಿತು, ಸರಳು ಕೈಯಿಂದ ಜಾರಿತು.

ಜನ ಭುಜಕ್ಕೆ ತಾಗಿಕೊಂಡು ಹೋಗುತ್ತಿದ್ದರೂ ಅವಳು ಅಲ್ಲೇ ನಿಂತಿದ್ದಳು. ಇನ್ನು ಮುಂದೆ ರೈಲಿನ ಹಳಿ ದಾಟುವಾಗ, ಒಂದು ಜ್ವರ ಬಂದಾಗ, ಎದೆಯಲ್ಲೊಂದು ಚಳುಕು ಎದ್ದಾಗ, ತನ್ನ ಆಯುಸ್ಸಿನ ಆ ತುದಿಯಲ್ಲಿ ರೂಪ ಕೆಂಪು ಟೇಪು ಹಿಡಿದು ಕೂತಿರುತ್ತಾಳೆ. ತನ್ನನ್ನು ಬಿಟ್ಟರೆ ಈ ಭೂಮಿಯ ಮೇಲೆ, ಇನ್ನೂ ಹೆಸರಿಲ್ಲದ, ಮುಖವಿಲ್ಲದ ಆ ಮಗುವನ್ನು ನಿಜವಾಗಿ ಬಯಸಿದವಳು ಅವಳೊಬ್ಬಳೇ. ಬಯಸಿದ್ದು ತನ್ನ ಸಾವಿನ ಮೂಲಕ. ಇದಕ್ಕಿಂತ ಗಟ್ಟಿಯಾದ ಭರವಸೆಯನ್ನು ಯಾರೂ ಬರೆದುಕೊಡಲಾರರು ಅನ್ನುವುದು ಹೊಳೆದು, ಅದರಿಂದ ಸಮಾಧಾನವೂ ಆಗಿ, ಆ ಸಮಾಧಾನವೇ ಅವಳನ್ನು ಹೆದರಿಸಿತು.

ಅಂದು ಸಂಜೆ ಸುಬ್ರಮಣಿ ಫೋನಿನಲ್ಲಿ ಕೂಗಾಡಿ, ನನ್ನ ಹೆಂಡತಿ ತಲೆ ಕೆಡಿಸಿದೆ ಎಂದು ಬೈದು, ಆಮೇಲೆ ಅವಳ ಕರೆ ಎತ್ತುವುದನ್ನೇ ಬಿಟ್ಟ. ಸಹನಳಿಗೆ ವಿಷಯ ಹೇಳಿದಾಗ ಅವಳು, "ನಿಮ್ಮಿಷ್ಟ ಅಮ್ಮ," ಅಂದಳು. ಅಂದ ರೀತಿಯಲ್ಲಿ, ಹಾಗಾದರೆ ನಾನು ಯಾರು, ಅನ್ನುವುದೂ ಇತ್ತು. ಮಳೆಗಾಲ ಹಿಡಿದ ಮೇಲೆ ಒಂದು ದಿನ ಕೆಲಸ ಮುಗಿಸಿ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದಾಗ ಸುಮಿತಾಳ ಕರೆ ಬಂತು. "ಆಯ್ತು ಮೇಡಂ. ನೀವು ಅರ್ಹರು ಅಂತ ವರದಿ ಒಪ್ಪಿಗೆ ಆಗಿದೆ. ಸರದಿ ಬರೋಕೆ ವರ್ಷಗಳೇ ಹಿಡೀಬಹುದು, ಕಾಯ್ತಿರಿ." ಬೋಗಿ ತುಂಬಿತ್ತು. ಸೊಪ್ಪಿನ ಬುಟ್ಟಿಗಳ ನಡುವೆ, ಕೈ ಮೇಲೆತ್ತಿ ನಿಂತ ಹೆಂಗಸರ ಬೆವರಿನ ನಡುವೆ, ಅಂಬಿಕ ಅರ್ಹಳಾಗಿ ನಿಂತಿದ್ದಳು. ಒಡನಾಡಿ ಹೆಂಗಸರಿಗೆ ಹೇಳುವಂತಿರಲಿಲ್ಲ. ಅವರ ಪಾಲಿಗೆ ಅವಳಿಗೆ ಆಗಲೇ ಮಗಳಿದ್ದಾಳೆ. ತಾಯಿಗೆ ಫೋನಿನಲ್ಲಿ ಕಿವಿ ಕೇಳುವುದಿಲ್ಲ. ಮೊದಲು ರೂಪಳಿಗೆ ಹೇಳಬೇಕು ಅನ್ನಿಸಿತು. ಬೆರಳು ಫೋನಿನ ಮೇಲೆ ಹೋಗಿ ನಿಂತಿತು. ರೂಪಳ ನಂಬರು ಅವಳಲ್ಲಿ ಇರಲಿಲ್ಲ.

ಸಹನಳಿಗೆ ಫೋನು ಮಾಡಿದಳು.

"ನಿನ್ನ ಅಮ್ಮನ ನಂಬರ್ ಕಳಿಸು ಸಹನ."

"ನಿಮ್ಮ ನಂಬರ್ ನಿಮಗೇ ಯಾಕಮ್ಮ?" ಸಹನ ನಕ್ಕಳು. ಹಿಂದೆ ಹಾಸ್ಟೆಲಿನ ಹುಡುಗಿಯರ ಗಲಾಟೆ ಕೇಳಿಸಿತು.

"ನಂದಲ್ಲ. ನಿನ್ನ ಹೆತ್ತಮ್ಮಂದು."

ಪಕ್ಕದಲ್ಲಿ ನಿಂತಿದ್ದ ಹೆಂಗಸು, ಇಷ್ಟು ವರ್ಷ ಜೊತೆಗೆ ಪ್ರಯಾಣ ಮಾಡಿದವಳು, ತಿರುಗಿ ನೋಡಿದಳು. ಅಂಬಿಕ ಮುಖ ತಿರುಗಿಸಲಿಲ್ಲ. ಆ ಕಡೆಯ ಗಲಾಟೆ ನಿಂತಿತು. ಸಹನ ಎಲ್ಲಿಗೋ ಎದ್ದು ಹೋಗಿ ಬಾಗಿಲು ಹಾಕಿಕೊಂಡಂತಿತ್ತು.

"ನನ್ನ ಹತ್ರಾನೂ ಇಲ್ಲಮ್ಮ," ಅಂದಳು ಸಹನ, ಸಣ್ಣ ದನಿಯಲ್ಲಿ. "ಅಪ್ಪಂದು ಮಾತ್ರ ಇರೋದು. ಅವರ ಹತ್ರ ಫೋನ್ ಇದೆಯಾ? ಯಾಕೆ, ಅವರಿಗೇನಾದ್ರೂ ಆಯ್ತಾ?"

"ಏನೂ ಆಗಿಲ್ಲ. ಆಮೇಲೆ ಮಾಡ್ತೀನಿ."

ಕೋರಮಂಡಲ್ ಸ್ಟೇಷನ್ನಿನಲ್ಲಿ ಅರ್ಧ ಬೋಗಿ ಇಳಿಯಿತು. ಖಾಲಿಯಾದ ಸೀಟಿನಲ್ಲಿ ಅವಳು ಕೂತಳು. ಅಣ್ಣ ಕರೆ ಎತ್ತುವುದಿಲ್ಲ. ಆ ನಂಬರು ಇನ್ನು ಸಿಗುವುದು ಸುಮಿತಾಳ ಹತ್ತಿರ ಮಾತ್ರ. ಕೇಳಿದರೆ ಅವಳಿಗೆ ಗೊತ್ತಾಗುತ್ತದೆ. ತನಗೆ ಏನಾದರೂ ಆದರೆ ಮಗುವನ್ನು ಯಾರ ಕೈಗೆ ಕೊಡಬೇಕೋ ಅವಳನ್ನು ಕರೆಯಲು ಈ ಮನೆಯಲ್ಲಿ ಯಾರಿಗೂ ದಾರಿಯಿಲ್ಲ ಅನ್ನುವುದು. ಒಪ್ಪಿಗೆಯಾದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದೋ ಏನೋ, ಆ ನಿಯಮವನ್ನು ಅವಳು ಓದಿರಲಿಲ್ಲ. ರೈಲು ಹೊರಟಿತು. ಅವಳು ಸುಮಿತಾಳ ಹೆಸರು ಒತ್ತಿ ಕಿವಿಗಿಟ್ಟುಕೊಂಡಳು.

"ಹಲೋ ಮೇಡಂ, ಹೇಳಿ," ಅಂದಳು ಸುಮಿತಾ.

"ನಮ್ಮ ಅತ್ತಿಗೆ ನಂಬರು ಬೇಕಿತ್ತು," ಅಂದಳು ಅಂಬಿಕ. "ನಮ್ಮನೇಲಿ ಯಾರ ಹತ್ರಾನೂ ಇಲ್ಲ."